ವಾಪಸ್ ಬಂದರೆ ಕಂತು ಎಷ್ಟು?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಬಿಜೈಯ ನನ್ನ ಮನೆಗೆ ನೆರೆಕರೆಯವರು ಮಕ್ಕಳ ಎಜುಕೇಶನ್ ಲೋನಿನ ಕಾಗದ ಹಿಡಿದುಕೊಂಡು ಬರುವುದುಂಟು. ಮಗನಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿರುತ್ತದೆ. ಅರ್ಧ ಪರ್ಸೆಂಟ್ ಬಡ್ಡಿ ಎಲ್ಲಿ ಕಡಿಮೆ ಎಂಬುದೇ ಅವರ ಪ್ರಶ್ನೆ. ಹುಡುಗ ಓದು ಮುಗಿಸಿ ವಾಪಸ್ ಬಂದರೆ ಕಂತು ಕಟ್ಟುವುದು ಹೇಗೆ ಎಂದು ಒಬ್ಬರೂ ಕೇಳಿದ್ದಿಲ್ಲ.

ಲೆಕ್ಕ ಹಾಕೋಣ. 40 ಲಕ್ಷ ಸಾಲ, ಶೇ. 10 ಬಡ್ಡಿ ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹಣವನ್ನು ವರ್ಷಕ್ಕೆ ಅರ್ಧದಂತೆ ಎತ್ತಿದರೂ ಕಂತು ಶುರುವಾಗುವಾಗ ಸಾಲ 50 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 66 ಸಾವಿರ. ಅಮೆರಿಕದಲ್ಲಿ ಕೆಲಸ ಸಿಕ್ಕಿದವನಿಗೆ ಇದು ದೊಡ್ಡದಲ್ಲ. ಮಂಗಳೂರಿನಲ್ಲಿ ಹೊಸತಾಗಿ ಕೆಲಸಕ್ಕೆ ಸೇರುವವನ ಇಡೀ ಸಂಬಳವೇ ಅಷ್ಟಿರುವುದು ಅಪರೂಪ ಮಾರಾಯ್ರೇ.

ಅಂದರೆ ಇದು ವಿದ್ಯೆಗೆ ಕೊಟ್ಟ ಸಾಲವಲ್ಲ, ವೀಸಾದ ಮೇಲೆ ಕಟ್ಟಿದ ಬಾಜಿ. ಚೆನ್ನೈಯ ಕಾನ್ಸುಲೇಟಿನ ಕಿಟಕಿಯಲ್ಲಿ ನಿಂತು ನಮ್ಮ ಹುಡುಗ, ಓದು ಮುಗಿಸಿ ಊರಿಗೇ ಮರಳುತ್ತೇನೆ ಎಂದು ಅಧಿಕಾರಿಗೆ ನಂಬಿಕೆ ಬರಿಸಬೇಕು. ಎಫ್-1 ವೀಸಾದ ನಿಯಮವೇ ಅದು. ಅವನ ಸಾಲದ ಲೆಕ್ಕ ಸರಿಹೋಗುವುದೋ, ಅವನು ಮರಳದಿದ್ದರೆ ಮಾತ್ರ! ಒಂದೇ ಫೈಲು, ಎರಡು ಬಾಯಿ. ಇದನ್ನು ಗೊತ್ತಿದ್ದೂ ಎಲ್ಲರೂ ಸಹಿ ಹಾಕುತ್ತಾರೆ.

"ಪಾರ್ಟ್‌ಟೈಮ್ ಮಾಡಿ ತೀರಿಸ್ತಾನೆ" ಎನ್ನುವವರಿದ್ದಾರೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನೊಳಗೆ. ಊಟದ ಖರ್ಚು ಹುಟ್ಟಿದರೆ ಪುಣ್ಯ. ಓದಿನ ಬಳಿಕ ಒಂದು ವರ್ಷ ಕೆಲಸಕ್ಕೆ ಅನುಮತಿ, ವಿಜ್ಞಾನ-ಎಂಜಿನಿಯರಿಂಗಿನವರಿಗೆ ಇನ್ನೆರಡು ವರ್ಷ. ಆಮೇಲೆ ಎಚ್-1ಬಿ. ವರ್ಷಕ್ಕೆ 65 ಸಾವಿರ, ಅಲ್ಲಿಯ ಸ್ನಾತಕೋತ್ತರರಿಗೆ ಹೆಚ್ಚುವರಿ 20 ಸಾವಿರ, ಅದಕ್ಕೆ ಇಡೀ ಜಗತ್ತಿನವರ ಪೈಪೋಟಿ, ಲಾಟರಿ.

ಹಾಗಾದರೆ ಹೋದವರು ಉದ್ಧಾರವಾಗಿಲ್ಲವೇ? ಆಗಿದ್ದಾರೆ, ಬಿಜೈಯಲ್ಲೇ ಅಂಥ ಮನೆಗಳುಂಟು. ಆದರೆ 2010ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸಿತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಅಂದು ಹೋದವರ ಕತೆಯನ್ನು ಇಂದಿನ ಫೀಸಿಗೆ ಆಧಾರ ಮಾಡಬಾರದು. ರೂಪಾಯಿ ಬಿದ್ದಷ್ಟೂ ಅಲ್ಲಿ ದುಡಿಯುವವನಿಗೆ ಲಾಭ, ಇಲ್ಲಿಂದ ಕಟ್ಟುವ ತಂದೆಗೆ ಪೆಟ್ಟು.

ನನಗೆ ಸಿಟ್ಟು ಬರುವುದು ನಷ್ಟ ಯಾರ ತಲೆಗೆ ಎಂದು ನೋಡಿದಾಗ. ವಿಶ್ವವಿದ್ಯಾಲಯ ಸೆಮಿಸ್ಟರಿಗೆ ಮೊದಲೇ ಹಣ ಎಣಿಸಿಕೊಳ್ಳುತ್ತದೆ. ಎಷ್ಟೋ ಏಜೆಂಟರಿಗೆ ಅಲ್ಲಿಂದ ಕಮಿಷನ್. ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಸರಕಾರಿ ಬ್ಯಾಂಕಿಗೆ ಆಸ್ತಿ ಅಡವು ಬೇಕು. ಉಳಿದದ್ದು ಐದು ಸೆಂಟ್ಸ್ ಜಾಗ, ಹೆಂಚಿನ ಮನೆ, ಸಹ-ಸಾಲಗಾರಳಾಗಿ ಸಹಿ ಹಾಕಿದ ಅಮ್ಮ. ಅಮ್ಮೆಂಬಳ ಸುಬ್ಬರಾವ್ ಪೈಗಳು ಈ ಊರಲ್ಲಿ 1891ರಲ್ಲಿ ಕೆನರಾ ಹೈಸ್ಕೂಲು ತೆರೆದು, ಬ್ಯಾಂಕು ಕಟ್ಟಿದ್ದು 1906ರಲ್ಲಿ. ಶಾಲೆ ಮೊದಲು, ಬ್ಯಾಂಕು ಆಮೇಲೆ. ನಾವು ಈಗ ಬ್ಯಾಂಕು ಎಷ್ಟು ಕೊಡುತ್ತದೆಂದು ನೋಡಿ ಕಾಲೇಜು ಆರಿಸುತ್ತೇವೆ.

ಅಮೆರಿಕ ಬೇಡ ಎನ್ನುತ್ತಿಲ್ಲ. ಪಿಎಚ್.ಡಿ.ಗೆ ಸೇರುವವರಿಗೆ ಹೆಚ್ಚಾಗಿ ಫೀಸು ಮಾಫಿ, ಮೇಲೆ ಸ್ಟೈಪೆಂಡ್. ಹಾರ್ವರ್ಡ್, ಎಂ.ಐ.ಟಿ., ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ಪದವಿಗೆ ಆಯ್ಕೆಯಾದ ವಿದೇಶಿ ಮಕ್ಕಳಿಗೂ ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ. ಆ ದಾರಿ ಕಠಿಣ, ಸೀಟು ಕಡಿಮೆ. ಆದರೆ ಅಲ್ಲಿ ಮನೆ ಅಡವಿಲ್ಲ. ಸ್ವಂತ ದುಡ್ಡಿದ್ದವರ ಮಾತು ಬೇರೆ, ಅವರಿಗೆ ನನ್ನ ತಕರಾರಿಲ್ಲ.

ಬ್ಯಾಂಕುಗಳಿಗೆ ನನ್ನ ಬೇಡಿಕೆ ಒಂದೇ. ಮಂಜೂರಾತಿ ಪತ್ರದ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಓದಿದ ಹುಡುಗ ಊರಿಗೆ ಮರಳಿದರೆ ತಿಂಗಳ ಕಂತು ಎಷ್ಟು, ಅದೇ ಓದಿಗೆ ಇಲ್ಲಿ ಮೊದಲ ಸಂಬಳ ಎಷ್ಟು ಎಂದು ಬರೆಯಲಿ. ಸಹ-ಸಾಲಗಾರರ ಸಹಿಯ ಜಾಗವೂ ಅದರ ಕೆಳಗೇ ಇರಲಿ.