ಗಾಳಿ ಕೇರಿಯ ಕಡೆ ಬೀಸಿದಾಗ

ಅಣುಸ್ಥಾವರ ಸಿಡಿದರೆ ಜಗತ್ತೇ ನಡುಗುತ್ತದೆ. ವಿಷಾನಿಲದ ಟ್ಯಾಂಕು ಬಾಯಿಬಿಟ್ಟರೆ ಅದು ಬರೀ 'ಕಾರ್ಖಾನೆ ಅಪಘಾತ'. ಈ ತಕ್ಕಡಿ ಯಾರ ಕೈಯಲ್ಲಿದೆ ಅಂತ ನಾವು ಕೇಳಬೇಕಾಗಿದೆ.

1984ರ ಡಿಸೆಂಬರ್ 2ರ ರಾತ್ರಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಹೊರಬಿತ್ತು. ಆಗ ನಾವಿನ್ನೂ ಹುಟ್ಟಿರಲಿಲ್ಲ. ಆದರೆ ಅದು ಮೊದಲು ಯಾರ ಮನೆಗೆ ನುಗ್ಗಿತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆಯಾಚೆಯ ಜೋಪಡಿಗಳಿಗೇ ನುಗ್ಗಿತು. ಗಾಳಿಗಿಂತ ಭಾರದ ಅನಿಲ ನೆಲ ಹಿಡಿದು ಹರಿಯಿತು. ನೆಲದ ಮೇಲೆ ಮಲಗಿದ್ದವರು ಸತ್ತರು, ಎಳೆಯ ಮಕ್ಕಳು ಸತ್ತರು. ಸತ್ತವರಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು, ಹೆಚ್ಚಿನವರು ಬಡವರು. ಆ ರಾಸಾಯನಿಕವನ್ನು ತಣ್ಣಗಿಡುವ ಯಂತ್ರವನ್ನು ಕಂಪನಿ ತಿಂಗಳುಗಳ ಹಿಂದೆಯೇ ನಿಲ್ಲಿಸಿತ್ತು. 'ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಿರಿ' ಎಂಬ ಒಂದು ಮಾತು ಎಷ್ಟೋ ಜೀವ ಉಳಿಸುತ್ತಿತ್ತು. ಅದನ್ನು ಹೇಳೋಕೂ ಯಾರೂ ಬರಲಿಲ್ಲ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿಯಿತು. ಸೋವಿಯತ್ ಸರ್ಕಾರವೂ ಸತ್ಯ ಮುಚ್ಚಿಟ್ಟಿತು. ಅದನ್ನು ನಾವು ಹೊಗಳುವುದಿಲ್ಲ. ಆದರೂ ಮರುದಿನ ಸಾವಿರಕ್ಕೂ ಹೆಚ್ಚು ಬಸ್ಸು ತಂದು ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನರನ್ನು ಸಾಗಿಸಿತು. ಸುತ್ತ 30 ಕಿಲೋಮೀಟರ್ ನೆಲವನ್ನು ಖಾಲಿ ಮಾಡಿಸಿತು. ವಿಕಿರಣ ಸ್ವೀಡನ್ನಿನವರೆಗೂ ಹೋಗಿತ್ತಲ್ಲ, ಐದೇ ತಿಂಗಳಲ್ಲಿ ಎರಡು ಅಂತಾರಾಷ್ಟ್ರೀಯ ಒಪ್ಪಂದಗಳು ಸಿದ್ಧವಾದವು. ಕಾರ್ಖಾನೆಗಳ ದೊಡ್ಡ ಅಪಘಾತ ತಡೆಯುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದ ಬಂದದ್ದು 1993ರಲ್ಲಿ. ಭಾರತ ಅದನ್ನು ಒಪ್ಪಿದ್ದು 2008ರಲ್ಲಿ. ಭೋಪಾಲದ ಗಾಳಿ ಯುರೋಪಿಗೆ ಹೋಗಿರಲಿಲ್ಲ, ಅಷ್ಟೇ.

'ಅಣುವಿಷ ತಲೆಮಾರುಗಳನ್ನು ಕಾಡುತ್ತೆ, ರಾಸಾಯನಿಕ ಒಂದು ದಿನದ ಮಾತು' ಅಂತಾರೆ ಓದಿದ ಗೆಳೆಯರು. ಸುಳ್ಳು. ಚೆರ್ನೋಬಿಲ್‌ನ ಸೀಸಿಯಂ 30 ವರ್ಷಕ್ಕೆ ಅರ್ಧವಾಗುತ್ತದೆ. ಭೋಪಾಲದ ಕಾರ್ಖಾನೆಯ ಮಣ್ಣಿನಲ್ಲಿ ಸಿಕ್ಕ ಪಾದರಸಕ್ಕೆ ಅಂಥ ಲೆಕ್ಕವೇ ಇಲ್ಲ. ಸುತ್ತಲಿನ ಜನ ವರ್ಷಗಟ್ಟಲೆ ವಿಷ ಸೇರಿದ ಅಂತರ್ಜಲವನ್ನೇ ಕುಡಿದರು. ಅಲ್ಲಿ ಬಿದ್ದಿದ್ದ 337 ಟನ್ ವಿಷದ ಕಸ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷ ಕಳೆದ ಮೇಲೆ. ಸುಟ್ಟದ್ದು ಪೀಥಾಂಪುರದಲ್ಲಿ, ಅಲ್ಲಿನ ಜನ ಬೇಡ ಬೇಡ ಅಂದರೂ ಕೇಳದೆ.

ನ್ಯಾಯದ ಕಥೆಯನ್ನೂ ಕೇಳಿ. ಗಾಯಗೊಂಡವರು 5,58,125 ಎಂದು ಸರ್ಕಾರವೇ ಒಪ್ಪಿದೆ. ಕಂಪನಿ 1989ರಲ್ಲಿ 47 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಅದರ ಮುಖ್ಯಸ್ಥ ವಾರೆನ್ ಆಂಡರ್ಸನ್ ಬಂಧನವಾದ ದಿನವೇ ಜಾಮೀನು ಪಡೆದು ಹೊರಟವನು, ವಿಚಾರಣೆಗೆ ಮುಖ ತೋರಿಸದೆ 2014ರಲ್ಲಿ ಸತ್ತ. 2010ರಲ್ಲಿ ಇಲ್ಲಿನ ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ ಆಯಿತು. ಆವತ್ತೇ ಜಾಮೀನೂ ಸಿಕ್ಕಿತು. ಆಮೇಲೆ 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಇಂಥ ಅಪಘಾತದಲ್ಲಿ ಸತ್ತವರ ಮನೆಗೆ ತಕ್ಷಣದ ಪರಿಹಾರವೆಂದು ಬರೆದಿದ್ದು 25,000 ರೂಪಾಯಿ. ಒಂದು ಜೊತೆ ಎತ್ತಿನ ಮುಂದೆ ನಮ್ಮ ಜೀವದ ಬೆಲೆ ಎಷ್ಟು?

ಇದು ಮುಗಿದ ಕಥೆಯಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರಿನ್ ಸೋರಿತು. ಸೈರನ್ ಕೂಗಲಿಲ್ಲ. ಪಕ್ಕದ ಹಳ್ಳಿಯವರು ಕತ್ತಲಲ್ಲಿ ಓಡುತ್ತ ಓಡುತ್ತ ಬಿದ್ದರು.

ಅಣುವಿನ ಭಯ ಬಿಡಿ ಅಂತ ನಾವು ಹೇಳುತ್ತಿಲ್ಲ. ಆ ಭಯದ, ಆ ಬಸ್ಸುಗಳ ಒಂದು ಪಾಲಾದರೂ ಕಾರ್ಖಾನೆ ಪಕ್ಕದ ಕೇರಿಗೂ ಬರಲಿ ಅನ್ನುತ್ತಿದ್ದೇವೆ. ಯಾವ ವಿಷ ಇಟ್ಟಿದ್ದೇವೆ, ಸೋರಿದರೆ ಏನು ಮಾಡಬೇಕು ಎಂಬುದನ್ನು ನೆರೆಯವರಿಗೆ ತಿಳಿಸಲೇಬೇಕೆಂದು 1989ರ ನಿಯಮ ಹೇಳುತ್ತದೆ. ಹಳ್ಳಿಯ ಮೇಷ್ಟ್ರೇ, ನಿಮ್ಮೂರ ಪಕ್ಕದ ಕಾರ್ಖಾನೆ ಅದನ್ನು ನಿಮಗೆ ತಿಳಿಸಿದೆಯೇ? ಗೆಳೆಯರೇ, ನಿಮ್ಮ ಕೇರಿಯ ಅಜ್ಜಿಗೆ ಅದು ಗೊತ್ತೇ? ಗೊತ್ತಿಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಕನ್ನಡದಲ್ಲಿ ಬರೆದು ಕೊಡಿ ಅಂತ ಕೇಳೋಣ. ಕೊಡುವ ತನಕ ಅಲ್ಲೇ ಕೂರೋಣ. ಸತ್ತ ಮೇಲೆ ಹೆಣ ಎಣಿಸೋಕೆ ಬರುವವರನ್ನು ಬದುಕಿರುವಾಗಲೇ ಕೇರಿಗೆ ಕರೆಸೋಣ.