ಸಾಕು ಓತಿಗೆ ತಕ್ಕ ಬೆಳಕು

ಸಿಡ್ನಿಯಲ್ಲಿ ನೆಲೆಸಿರುವ ನಮ್ಮ ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಬಿಯರ್ಡೆಡ್ ಡ್ರ್ಯಾಗನ್ ಎಂದು ಆ ಕಡೆ ಕರೆಯುವ ಗಡ್ಡದ ಓತಿಯ ಮರಿಯೊಂದನ್ನು ಅವರ ಮಗನು ಪರವಾನಗಿ ಪಡೆದು ಸಾಕಿದ್ದಾನಂತೆ. ಅದರ ಗಾಜಿನ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಿಯೇ ಇರಿಸಿದ್ದಾರೆ, ಆಹಾರಕ್ಕೂ ಕೊರತೆಯಿಲ್ಲ. ಆದರೂ ವರ್ಷ ತುಂಬುವುದರೊಳಗೆ ಮರಿಯ ದವಡೆಯು ಮೆತ್ತಗಾಗಿ, ಹಿಂಗಾಲುಗಳು ನಡುಗತೊಡಗಿವೆ. ಯಾವ ದೀಪವನ್ನು ಕೊಳ್ಳಬೇಕೆಂಬುದು ಅವರ ಪ್ರಶ್ನೆ.

ದೀಪದ ಅಂಗಡಿಗೆ ಹೋಗುವ ಮೊದಲು ಪಶುವೈದ್ಯರಲ್ಲಿಗೆ ಹೋಗತಕ್ಕದ್ದು. ಒಮ್ಮೆ ಬಾಗಿದ ಎಲುಬು ಪೂರ್ತಿಯಾಗಿ ನೆಟ್ಟಗಾಗುವುದು ಕಷ್ಟ.

ತಪ್ಪಿರುವುದು ಕಿಟಕಿಯ ಗಾಜಿನಲ್ಲಿ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಎಂಬ ಒಂದು ಭಾಗವುಂಟು. ಅದು ಚರ್ಮಕ್ಕೆ ತಗುಲಿದಾಗ ಓತಿಯ ಮೈಯಲ್ಲಿ ಡಿ3 ಜೀವಸತ್ತ್ವವು ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದ ಅಂಶವು ಮೈಗೆ ಹತ್ತದೆ, ಶರೀರವು ಎಲುಬಿನಿಂದಲೇ ಸುಣ್ಣವನ್ನು ಕಡ ತೆಗೆಯತೊಡಗುತ್ತದೆ. ಗಾಜು ಬೆಳಕನ್ನೂ ಕಾವನ್ನೂ ಒಳಗೆ ಬಿಟ್ಟು, ಈ ಕಿರಣಗಳನ್ನು ಮಾತ್ರ ಬಹುಮಟ್ಟಿಗೆ ಹೊರಗೇ ತಡೆಯುತ್ತದೆ. ಆದುದರಿಂದ ಕಣ್ಣಿಗೆ ಬಿಸಿಲೆಂದು ಕಂಡದ್ದು ಓತಿಗೆ ಬಿಸಿಲಾಗಲಿಲ್ಲ.

ದೀಪದ ಆಯ್ಕೆಯಲ್ಲಿಯೂ ಕಣ್ಣನ್ನು ನಂಬಲಾಗದು. ಗಡ್ಡದ ಓತಿಗೆ ಟಿ5 ಎಂಬ ಗುರುತಿನ ನೀಳವಾದ ಕೊಳವೆದೀಪವೇ ಮೇಲೆಂದು ನನ್ನ ಅಭಿಪ್ರಾಯ. ಅದು ಪೆಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಉದ್ದವಿರಬಾರದು. ಚಿಕ್ಕ ಸುರುಳಿ ಬಲ್ಬು ಅಗ್ಗವೇನೋ ಸರಿ, ಆದರೆ ಅದರ ಕಿರಣವು ಅಂಗೈಯಗಲದ ಜಾಗಕ್ಕೆ ಮುಗಿಯುತ್ತದೆ. ಕಟ್ಟಿನ ಮೇಲೆ ಅಚ್ಚಾಗಿರುವ ಶೇಕಡಾ ಅಂಕವನ್ನು ನೋಡಿ ಮೋಸಹೋಗಬೇಡಿ. ಅದು ಒಟ್ಟು ಬೆಳಕಿನಲ್ಲಿ ಆ ಕಿರಣದ ಪಾಲನ್ನು ಹೇಳುವುದೇ ಹೊರತು ಬಲವನ್ನಲ್ಲ. ಒಂದೇ ಅಂಕದ ಹಳೆಯ ಟಿ8 ಕೊಳವೆಯು ಟಿ5ಕ್ಕಿಂತ ಎಷ್ಟೋ ದುರ್ಬಲ.

ಬಲವನ್ನು ಅಳೆಯಲು ಯುವಿ ಸೂಚಿಯ ಮಾಪಕ ದೊರೆಯುತ್ತದೆ. ಓತಿಯು ಬಿಸಿಲು ಕಾಯುವ ಕಲ್ಲಿನ ಮೇಲೆ, ಅದರ ಬೆನ್ನಿನ ಮಟ್ಟದಲ್ಲಿ, 3ರಿಂದ 5 ಬಂದರೆ ಸಾಕು. ಸಂಜೆಗೆ ಹೊರಬೀಳುವ ಲೆಪರ್ಡ್ ಗೆಕ್ಕೊ ಹಲ್ಲಿಗಾದರೋ ಇದರಲ್ಲಿ ಒಂದು ಚಿಕ್ಕ ಪಾಲು ಬಹಳವಾಯಿತು. ಮಾಪಕಕ್ಕೆ ಹಣ ಹೆಚ್ಚೆನಿಸಿದರೆ ತಯಾರಕರು ಹೇಳಿದ ದೂರವನ್ನು ಮೀರಬೇಡಿ. ನಡುವೆ ತಂತಿಬಲೆಯಿದ್ದರೆ ಅದು ಮೂರರಲ್ಲೊಂದು ಪಾಲನ್ನೋ ಇನ್ನೂ ಹೆಚ್ಚನ್ನೋ ನುಂಗುವುದೆಂಬುದು ನೆನಪಿರಲಿ. ದೀಪವು ನೆತ್ತಿಯ ಮೇಲಿರಬೇಕು, ಪಕ್ಕದಿಂದ ಬೆಳಗಿದರೆ ಕಣ್ಣಿಗೆ ಕೇಡು. ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ನೆರಳೂ ಬೇಕು.

ಕೊಳವೆಯು ಬೆಳಗುತ್ತಲೇ ಇದ್ದರೂ ಅದರ ಯುವಿಬಿ ಸದ್ದಿಲ್ಲದೆ ಕುಗ್ಗುತ್ತದೆ. ಹಚ್ಚಿದ ದಿನಾಂಕವನ್ನು ಅದರ ತುದಿಯಲ್ಲಿಯೇ ಬರೆದಿಟ್ಟು, ಟಿ5 ಆದರೆ ವರ್ಷಕ್ಕೊಮ್ಮೆ ಬದಲಾಯಿಸಿರಿ. ಕ್ರಿಮಿನಾಶಕ್ಕೆ ಬಳಸುವ ಯುವಿಸಿ ದೀಪವನ್ನು ಮರೆತೂ ತರಬೇಡಿ.

ಇದನ್ನೋದಿ ಇಲ್ಲಿಯ ಮಕ್ಕಳು ಹೊಲದ ಉಡವನ್ನು ಹಿಡಿದು ತಂದಾರು! 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ.

ಸಿಡ್ನಿಯ ಬಾಲಕನಿಗೆ ಇನ್ನೊಂದು ಮಾತು. ವೈದ್ಯರು ಒಪ್ಪಿದ ಮೇಲೆ, ಹವೆ ಬೆಚ್ಚಗಿರುವ ದಿನಗಳಲ್ಲಿ ಓತಿಯನ್ನು ತಂತಿಯ ಪಂಜರದಲ್ಲಿಟ್ಟು ಸ್ವಲ್ಪ ಹೊತ್ತು ಅಂಗಳದ ಬಿಸಿಲಿಗೆ ಒಯ್ಯಲಿ. ಪಂಜರದ ಅರ್ಧಕ್ಕೆ ನೆರಳಿರಲಿ, ತಾನೂ ಬಳಿಯಲ್ಲಿಯೇ ಕುಳಿತಿರಲಿ. ಗಾಜಿನ ಪೆಟ್ಟಿಗೆಯನ್ನೇ ಎತ್ತಿ ಬಿಸಿಲಿಗಿಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ಒಲೆಯಾದೀತು.