ಬೆಟ್ಟ ಪಕ್ಕದಲ್ಲೇ ಇದೆ, ರಜೆ ಎಲ್ಲಿದೆ?

ಬೇಸಿಗೆ ಬಂತೆಂದರೆ ಶನಿವಾರ ನಸುಕಿಗೇ ಬೆಂಗಳೂರಿನ ಬೈಕು, ಕಾರುಗಳು ನಂದಿ ಬೆಟ್ಟದ ದಾರಿ ಹಿಡಿಯುತ್ತವೆ. ಸ್ಕಂದಗಿರಿ, ಆವಲಬೆಟ್ಟಕ್ಕೂ ಈಗ ರೀಲ್ಸ್ ಖ್ಯಾತಿ. ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ, ಶನಿವಾರ ಅಂದರೆ ಇನ್ನೊಂದು ಶಿಫ್ಟ್, ಅಷ್ಟೇ.

ಕೆಲಸವನ್ನೂ ಬೇಸಿಗೆಯ ತಿರುಗಾಟದ ಆಸೆಯನ್ನೂ ಹೇಗೆ ಸರಿತೂಗಿಸೋದು ಅಂತ ಸಲಹೆ ಕೊಡುವವರಿಗೆ ಬರವಿಲ್ಲ. ಸೋಮವಾರ ಒಂದು ರಜೆ ಹಾಕಿ, ಬೇಕಾದರೆ ಲ್ಯಾಪ್‌ಟಾಪ್ ಜೊತೆಗಿರಲಿ ಅಂತಾರೆ. ಹಾಕೋಕೆ ರಜೆ ಇರುವವರಿಗೆ ಇದು ಸರಿ. ಆದರೆ ಯಾರು ಬೆಟ್ಟ ಹತ್ತಬಹುದು ಅನ್ನೋದನ್ನು ತೀರ್ಮಾನಿಸುವುದು ಮನಸ್ಸಿನ ಶಿಸ್ತಲ್ಲ, ದುಡಿಮೆಯ ಅವಧಿಯ ಕಾನೂನು. ಆ ಕಾನೂನನ್ನು ನಮ್ಮ ಸರ್ಕಾರಗಳು ಯಾವ ಕಡೆಗೆ ಎಳೆಯುತ್ತಿವೆ ನೋಡಿ.

2023ರ ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ದಿನಕ್ಕೆ 9 ಗಂಟೆಯ ಮಿತಿಯನ್ನು 12ರವರೆಗೆ ಏರಿಸಬಹುದು, ವಾರಕ್ಕೆ ಮಾತ್ರ ಅದೇ 48 ಗಂಟೆ. ಕೇಳೋಕೆ ಚೆನ್ನಾಗಿದೆ: ನಾಲ್ಕು ದಿನ 12 ಗಂಟೆ ದುಡಿ, ಮೂರು ದಿನ ರಜೆ. ಹಾಗಾದರೆ ಕುಡುಮಲಕುಂಟೆಯ ಹುಡುಗಿಯೂ ನಂದಿಗೆ ಹೋಗಬಹುದಲ್ಲ?

ಸ್ವಲ್ಪ ತಡೆಯಿರಿ. ಅದೇ ತಿದ್ದುಪಡಿ ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಮೂರು ತಿಂಗಳಿಗೆ 13 ವಾರ. ಭಾಗಿಸಿದರೆ ವಾರಕ್ಕೆ 11 ಗಂಟೆಗೂ ಹೆಚ್ಚು. ಅಂದರೆ ಒಂದು ಕೈಲಿ ಕೊಟ್ಟ ಮೂರು ರಜೆಯಲ್ಲಿ ಒಂದನ್ನು ಇನ್ನೊಂದು ಕೈ ಹೆಚ್ಚುಕಮ್ಮಿ ಇಡಿಯಾಗಿ ವಾಪಸ್ ಪಡೆಯಬಹುದು. ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತ ಕಾನೂನು ಹೇಳುತ್ತದೆ, ನಿಜ. ಸೂಪರ್‌ವೈಸರ್ ಎದುರು ನಿಂತು ಒಪ್ಪಲ್ಲ ಅನ್ನೋಕೆ ಎಷ್ಟು ಜನರಿಗೆ ಸಾಧ್ಯ?

ಪಕ್ಷ ಬದಲಾದರೂ ದಿಕ್ಕು ಬದಲಾಗಲಿಲ್ಲ. 2025ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಓಟಿ ಸೇರಿ 12ಕ್ಕೆ, ಮೂರು ತಿಂಗಳ ಓಟಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ಅಂದರೆ ಶನಿವಾರ ಬೆಟ್ಟ ಹತ್ತುವವರ ಸಮಯಕ್ಕೂ ಕತ್ತರಿ ಸಿದ್ಧವಾಗಿತ್ತು. (2023ರಲ್ಲಿ ಯುವಜನ ವಾರಕ್ಕೆ 70 ಗಂಟೆ ದುಡಿಯಲಿ ಎಂದ ನಾರಾಯಣಮೂರ್ತಿಯವರು ಹುಟ್ಟಿದ್ದು ಇಲ್ಲೇ ಪಕ್ಕದ ಶಿಡ್ಲಘಟ್ಟದಲ್ಲಿ.)

ಇನ್ನು ಸಂಬಳ ಸಹಿತ ರಜೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಮಾತ್ರ, 20 ದಿನಕ್ಕೊಂದರಂತೆ ರಜೆ. 240 ದಿನ ದುಡಿದರೆ 12. 239 ದಿನ ದುಡಿದರೆ ಸೊನ್ನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಈ 240ನ್ನು 180ಕ್ಕೆ ಇಳಿಸಿದೆ. ಆ ಸಂಹಿತೆಗಳ ಬಗ್ಗೆ ತಕರಾರು ನೂರಿರಬಹುದು, ಇದೊಂದು ಮಾತ್ರ ಲಾಭ. ಆದರೆ ಗುತ್ತಿಗೆ ಕಾರ್ಮಿಕರ ಕಥೆ ಬೇರೆ. ಗುತ್ತಿಗೆದಾರ ಬದಲಾದಾಗಲೆಲ್ಲ ಲೆಕ್ಕ ಮತ್ತೆ ಒಂದರಿಂದ ಶುರುವಾದರೆ 180 ಕೂಡ ದೂರದ ಬೆಟ್ಟವೇ.

ಗಾರ್ಮೆಂಟ್ಸ್‌ನವರಿಗೆ ಗೊತ್ತಿರುವ ಇನ್ನೊಂದು ಪದವಿದೆ, ‘ಸಿ ಆಫ್’. ಆರ್ಡರ್ ಇಲ್ಲ, ಕರೆಂಟ್ ಇಲ್ಲ ಅಂತ ವಾರದ ನಡುವೆ ಮನೆಗೆ ಕಳಿಸಿ, ಆ ದಿನವನ್ನು ಭಾನುವಾರ ದುಡಿಸಿ ತೀರಿಸಿಕೊಳ್ಳೋದು. ಮಕ್ಕಳಿಗೆ ಬೇಸಿಗೆ ರಜೆ, ಊರಲ್ಲಿ ಜಾತ್ರೆ, ಅಮ್ಮನಿಗೆ ಭಾನುವಾರದ ಡ್ಯೂಟಿ. ಸಿಕ್ಕ ರಜೆ ಬಟ್ಟೆ ಒಗೆಯೋಕೆ, ರೇಷನ್ ತರೋಕೆ ಸರಿಹೋಗುತ್ತದೆ. ಸುಮಾರು ಒಂದು ಗಂಟೆ ದಾರಿಯ ನಂದಿಗೆ ಹೋಗುವುದಿರಲಿ, ಮಧ್ಯಾಹ್ನ ಒಂದು ನಿದ್ದೆ ಸಿಕ್ಕರೆ ಅದೇ ಪುಣ್ಯ.

ಪ್ರವಾಸೋದ್ಯಮದ ಹೆಸರಲ್ಲಿ ಬೆಟ್ಟಗಳಿಗೆ ಜನರನ್ನು ಕರೆಯುವುದೂ ಇದೇ ಸರ್ಕಾರ. 2025ರ ಜುಲೈ 2ರಂದು ಸಚಿವ ಸಂಪುಟವೇ ನಂದಿ ಬೆಟ್ಟದ ಮೇಲೆ ಸಭೆ ಸೇರಿತ್ತು. ಓಟಿಗೆ ಬಿಗಿ ಮಿತಿ ಹಾಕುವುದು, ಭಾನುವಾರದ ಸಿ ಆಫ್ ನಿಲ್ಲಿಸುವುದು, ಗುತ್ತಿಗೆದಾರ ಬದಲಾದರೂ ದುಡಿದ ದಿನಗಳು ಲೆಕ್ಕದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು: ಇವನ್ನು ಮುಂದಿನ ಸಲ ಆ ಬೆಟ್ಟದ ಮೇಲೇ ಚರ್ಚಿಸಲಿ. ಕುಡುಮಲಕುಂಟೆಯಿಂದ ನಾಲ್ಕು ಜನರನ್ನು ಕರೆಸಿದರೆ ಇನ್ನೂ ಒಳ್ಳೆಯದು, ಆ ದಿನದ ಸಂಬಳ ಕಡಿಯದಿದ್ದರೆ.